ಮಿಲ್ಟನ್ ಕೀನ್ಸ್ ಕಾಲುವೆಯಲ್ಲಿ ಮೋಟಾರು ಡಿಂಗಿ: ಮೊದಲು ದಡ ಹತ್ತೋದು ಕಲಿಯಿರಿ

ಪ್ರಶ್ನೆ: ನಾವು ಮಂಡ್ಯ ಕಡೆಯವರು. ನಾಲ್ಕು ವರ್ಷದಿಂದ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ. ಮನೆಯಿಂದ ಹತ್ತು ನಿಮಿಷ ನಡೆದರೆ ಗ್ರ್ಯಾಂಡ್ ಯೂನಿಯನ್ ಕಾಲುವೆ. ಊರಿಗೆ ವಾಪಸ್ ಹೊರಟ ಸ್ನೇಹಿತರೊಬ್ಬರು ತಮ್ಮ ಗಾಳಿ ತುಂಬುವ ರಬ್ಬರ್ ಡಿಂಗಿಯನ್ನು (ಚಿಕ್ಕ ದೋಣಿ) ನನಗೆ ಕೊಟ್ಟಿದ್ದಾರೆ. ಉದ್ದ 2.7 ಮೀಟರ್, ಜೊತೆಗೆ 2.5 ಎಚ್‌ಪಿ ಪೆಟ್ರೋಲ್ ಮೋಟಾರು. ಜುಲೈನಲ್ಲಿ ಮಾವನವರು ಊರಿಂದ ಬರುತ್ತಾರೆ. ಅವರು, ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ನಾಲ್ಕೂ ಜನ ಫೆನ್ನಿ ಸ್ಟ್ರಾಟ್‌ಫರ್ಡ್‌ನಿಂದ ಕಾಸ್‌ಗ್ರೋವ್‌ವರೆಗೆ ಹೋಗಬೇಕು ಅಂತ ಆಸೆ. ನನಗೂ ಮಾವನವರಿಗೂ ಈಜು ಬರುತ್ತದೆ. ಹೆಂಡತಿಗೆ ಬರುವುದಿಲ್ಲ. ‘ನಾಲೆ ಅಂದ್ರೆ ನಾಲೆನೇ, ಮಗೂನ ಕರ್ಕೊಂಡು ಹೋಗೋದು ಬೇಡ’ ಅನ್ನುತ್ತಾಳೆ. ಇದು ಸುರಕ್ಷಿತವೇ? ಪರ್ಮಿಷನ್ ಬೇಕಾ? ಲಾಕ್‌ಗಳನ್ನು (ಎರಡು ಕಡೆ ಗೇಟು ಇರುವ ತೊಟ್ಟಿ, ನೀರು ತುಂಬಿಸಿ ಅಥವಾ ಇಳಿಸಿ ದೋಣಿಯನ್ನು ಬೇರೆ ಮಟ್ಟಕ್ಕೆ ಒಯ್ಯುವಂಥದ್ದು) ದಾಟುವುದು ಹೇಗೆ? ಪೆಟ್ರೋಲ್ ಬದಲು ಬ್ಯಾಟರಿ ಮೋಟಾರು ಹಾಕಿಕೊಳ್ಳಲಾ?

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರ ಭಯಕ್ಕೆ ಕಾರಣ ಇದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹರಿಯುವ ಊರುಗಳಲ್ಲಿ ಮಕ್ಕಳು ನಡೆಯೋಕೆ ಶುರು ಮಾಡಿದ ದಿನದಿಂದ ಕೇಳುವ ಮಾತೇ ‘ನಾಲೆ ಹತ್ರ ಹೋಗ್ಬೇಡ’ ಅನ್ನೋದು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದನ್ನು ಮರೆತು ದೋಣಿ ಹತ್ತು ಅಂತ ಯಾರಿಗೂ ಹೇಳೋಕಾಗುವುದಿಲ್ಲ. ಅವರನ್ನು ಒಪ್ಪಿಸುವ ಮುಂಚೆ ಆ ನೀರಿಗೂ ಈ ನೀರಿಗೂ ಏನು ವ್ಯತ್ಯಾಸ ಅಂತ ಇಬ್ಬರೂ ಕೂತು ಮಾತಾಡಿ.

ನಮ್ಮ ನಾಲೆ ಗದ್ದೆಗೆ ನೀರು ಒಯ್ಯುವುದಕ್ಕೆ ಕಟ್ಟಿದ್ದು. ಕೆಆರ್‌ಎಸ್‌ನಿಂದ ಹೊರಟ ನೀರು ಇಳಿಜಾರು ಹಿಡಿದು ಓಡುತ್ತಲೇ ಇರಬೇಕು. ತೂಬು, ಸುರಂಗ, ಜಾರುವ ಗೋಡೆ, ಎಲ್ಲವೂ ಆ ಓಟಕ್ಕಾಗಿ ಮಾಡಿದ್ದು. ಬಿದ್ದವರನ್ನು ನೀರು ಎಳೆದುಕೊಂಡು ಹೋಗುತ್ತದೆ. ನಿಮ್ಮ ಮನೆ ಹತ್ತಿರದ ಕಾಲುವೆ ದೋಣಿಗಾಗಿಯೇ ತೋಡಿದ್ದು. 1793ರಲ್ಲಿ ಪಾರ್ಲಿಮೆಂಟ್ ಒಪ್ಪಿಗೆ ಸಿಕ್ಕಿ, ವಿಲಿಯಂ ಜೆಸಪ್ ಎಂಬ ಎಂಜಿನಿಯರ್ ಉಸ್ತುವಾರಿಯಲ್ಲಿ ಆದ ಕೆಲಸ. ಆಗ ಇದರ ಹೆಸರು ಗ್ರ್ಯಾಂಡ್ ಜಂಕ್ಷನ್ ಕಾಲುವೆ. 1929ರಲ್ಲಿ ಬೇರೆ ಕಾಲುವೆಗಳ ಜೊತೆ ಸೇರಿ ಗ್ರ್ಯಾಂಡ್ ಯೂನಿಯನ್ ಆಯಿತು. ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್‌ವರೆಗೆ 137 ಮೈಲಿ, 166 ಲಾಕ್. ಎರಡು ಲಾಕ್‌ಗಳ ನಡುವಿನ ನೀರು ಸಮತಟ್ಟಾಗಿ ನಿಂತಿರುತ್ತದೆ. ಕೆರೆಯೊಂದನ್ನು ಉದ್ದಕ್ಕೆ ಎಳೆದಿಟ್ಟ ಹಾಗೆ. ತಳಕ್ಕೆ ಜೇಡಿಮಣ್ಣು ತುಳಿದು ಕೂರಿಸಿರುವುದೂ ನಮ್ಮ ಹಳೇ ಕೆರೆ ಏರಿಗಳನ್ನು ನೆನಪಿಸುತ್ತದೆ. ಸೆಳೆತ ಇಲ್ಲವೇ ಇಲ್ಲ ಅನ್ನಬಹುದು. ನಡುವಿನಲ್ಲೂ ಆಳ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಮೀಟರ್ ಅಷ್ಟೇ. ದೊಡ್ಡವರು ಬಿದ್ದರೆ ಎಷ್ಟೋ ಕಡೆ ಎದ್ದು ನಿಲ್ಲಬಹುದು.

ಹಾಗಾದರೆ ಅಪಾಯ ಎಲ್ಲಿದೆ? ನಾನು ಹದಿನಾಲ್ಕು ವರ್ಷದಿಂದ ಇಲ್ಲಿನ ಕಾಲುವೆಗಳಲ್ಲಿ ಚಿಕ್ಕ ದೋಣಿ ಓಡಿಸುತ್ತಿದ್ದೇನೆ. ಹೊಸಬರಿಗೆ ಹೇಳಿಕೊಡುತ್ತೇನೆ. ನಾನು ಕಂಡ ಹಾಗೆ ತೊಂದರೆ ಆಗೋದು ದೋಣಿ ಓಡುತ್ತಿರುವಾಗ ಅಲ್ಲ. ದೋಣಿ ಹತ್ತುವಾಗ, ಇಳಿಯುವಾಗ, ದಡಕ್ಕೆ ತರುವಾಗ. ಮೋಟಾರು ಓಡಿಸೋದು ಹತ್ತು ನಿಮಿಷದಲ್ಲಿ ಬರುತ್ತದೆ. ನಿಲ್ಲಿಸೋದು, ದಡ ಹಿಡಿಯೋದು, ನೀರಿಗೆ ಬಿದ್ದವರನ್ನು ಮೇಲೆ ತರೋದು, ಇವಕ್ಕೆ ಅಭ್ಯಾಸ ಬೇಕು. ನಿಮ್ಮ ಜುಲೈ ಪ್ರವಾಸಕ್ಕೆ ಮುಂಚೆ ಎರಡು ಮೂರು ಭಾನುವಾರ ಇದಕ್ಕೇ ಇಡಿ. ಮಗನನ್ನು ಬಿಟ್ಟು.

ಈಗ ಒಂದು ಕಷ್ಟದ ಮಾತು. ನಾಲ್ಕು ಜನ ಬೇಡ.

ದೋಣಿಯ ಹಿಂಬದಿಯ ಹಲಗೆಯ ಮೇಲೆ ಚಿಕ್ಕ ಪ್ಲೇಟು ಇರುತ್ತದೆ. ಎಷ್ಟು ಜನ, ಎಷ್ಟು ಕೆಜಿ, ಎಷ್ಟು ಎಚ್‌ಪಿವರೆಗೆ ಅಂತ ಬರೆದಿರುತ್ತದೆ. ಅದರಲ್ಲಿ ನಾಲ್ಕು ಅಂತಲೇ ಇದ್ದರೂ ಅದು ಲೆಕ್ಕದ ಮಾತು. 2.7 ಮೀಟರ್ ಅಂದರೆ ಹೊರಗಿನ ಅಳತೆ. ಗಾಳಿ ತುಂಬಿದ ದಪ್ಪ ಕೊಳವೆಗಳನ್ನು ಕಳೆದರೆ ಒಳಗೆ ಕಾಲು ಚಾಚೋಕೂ ಜಾಗ ಕಮ್ಮಿ. ಅದರಲ್ಲಿ ಪೆಟ್ರೋಲ್ ಕ್ಯಾನು, ಹುಟ್ಟು, ಹಗ್ಗ, ಊಟದ ಬುತ್ತಿ. ಯಾರೋ ಒಬ್ಬರು ಕೊಳವೆಯ ಮೇಲೆ ಕೂರಲೇಬೇಕಾಗುತ್ತದೆ. ಹಾಗೆ ಕೂತವರೇ ಮೊದಲು ಬೀಳೋದು. ಒಂದು ಸಲಕ್ಕೆ ಇಬ್ಬರು ದೊಡ್ಡವರು, ಒಂದು ಮಗು. ಇನ್ನೊಬ್ಬರು ದಡದ ಮೇಲೆ ನಡೆದು ಬರಲಿ.

ಇದರಲ್ಲಿ ನಷ್ಟವೇನೂ ಇಲ್ಲ. ಕಾಲುವೆಯ ಒಂದು ಪಕ್ಕ ಉದ್ದಕ್ಕೂ ಟೋಪಾತ್ ಇದೆ, ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ. ನೀವು ಹೋಗುವ ವೇಗಕ್ಕೆ ಚುರುಕಾಗಿ ನಡೆಯುವವರು ಜೊತೆಗೇ ಬರಬಹುದು. ದಡದಲ್ಲಿ ಒಬ್ಬರಿದ್ದರೆ ಹಗ್ಗ ಹಿಡಿಯೋಕೆ ಒಂದು ಕೈ ಜಾಸ್ತಿ ಸಿಕ್ಕಿದ ಹಾಗೆ. ನಿಮ್ಮ ಮನೆಯವರು ಮೊದಲ ದಿನ ದಡದಲ್ಲಿ ನಡೆದು ನೋಡಲಿ. ಧೈರ್ಯ ಬಂದರೆ ಮುಂದಿನ ಸೇತುವೆ ಹತ್ತಿರ ಮಾವನವರ ಜಾಗಕ್ಕೆ ಅವರು ಬರಲಿ. ಬರದಿದ್ದರೆ ಒತ್ತಾಯ ಮಾಡಬೇಡಿ.

ಪರ್ಮಿಷನ್ ವಿಷಯ. ಈ ಕಾಲುವೆ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದೆ. 2012ರಲ್ಲಿ ಸರ್ಕಾರಿ ನಿಗಮದಿಂದ ಅವರ ಕೈಗೆ ಬಂತು. ಎಷ್ಟೇ ಚಿಕ್ಕದಾದರೂ ನೀರಿಗಿಳಿಯುವ ದೋಣಿಗೆ ಲೈಸೆನ್ಸ್ ಬೇಕು. ವರ್ಷದ್ದೇ ಆಗಬೇಕಿಲ್ಲ, ಕಡಿಮೆ ಅವಧಿಯದ್ದೂ ಕೊಡುತ್ತಾರೆ, ಆನ್‌ಲೈನಲ್ಲೇ ಸಿಗುತ್ತದೆ. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಕಯಾಕ್‌ನವರಿಗೆ ಅವರ ಸಂಘದ ಸದಸ್ಯತ್ವದ ಜೊತೆಗೇ ಲೈಸೆನ್ಸ್ ಬರುತ್ತದೆ ಅಂತ ಕೇಳಿ, ರಬ್ಬರ್ ದೋಣಿಗೂ ಅದೇ ಸಾಕು ಅಂದುಕೊಳ್ಳುತ್ತಾರೆ. ಅದು ಹುಟ್ಟು ಹಾಕುವ ದೋಣಿಗೆ ಮಾತ್ರ. ಮೋಟಾರು ಕಟ್ಟಿದ ಕ್ಷಣ, ಬ್ಯಾಟರಿಯದ್ದಾದರೂ ಸರಿ, ಅದು ಮೋಟಾರು ದೋಣಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ ಬೇಕು. ದೊಡ್ಡ ದೋಣಿಗಳಿಗೆ ಇರುವ ಸುರಕ್ಷತಾ ಸರ್ಟಿಫಿಕೇಟ್ ಸಾಮಾನ್ಯವಾಗಿ ನಿಮ್ಮಂಥ ತೆರೆದ ದೋಣಿಗೆ ಬೇಕಾಗುವುದಿಲ್ಲ. ಮೋಟಾರು ಕಳಚುವಂಥದ್ದಾಗಿರಬೇಕು, ಅಡುಗೆ ಒಲೆ ಗಿಲೆ ಇರಬಾರದು, ಹಾಗಂತ ನೀವು ಬರೆದುಕೊಡಬೇಕು. ಓಡಿಸುವವರಿಗೆ ಡ್ರೈವಿಂಗ್ ಲೈಸೆನ್ಸ್ ಥರದ್ದೇನೂ ಇಲ್ಲ. ಅದೇ ಕಾರಣಕ್ಕೆ ಕಲಿಯುವ ಜವಾಬ್ದಾರಿ ಪೂರ್ತಿ ನಮ್ಮದು.

ಲಾಕ್ ಬಗ್ಗೆ ನಿಮಗೊಂದು ಒಳ್ಳೇ ಸುದ್ದಿ. ನೀವು ಆರಿಸಿಕೊಂಡ ದಾರಿಯಲ್ಲಿ ಒಂದೂ ಲಾಕ್ ದಾಟಬೇಕಿಲ್ಲ. ಫೆನ್ನಿ ಸ್ಟ್ರಾಟ್‌ಫರ್ಡ್ ಲಾಕ್‌ನ ಉತ್ತರಕ್ಕೆ ದೋಣಿ ಇಳಿಸಿದರೆ ಕಾಸ್‌ಗ್ರೋವ್ ಲಾಕ್‌ವರೆಗೆ ಸುಮಾರು 11 ಮೈಲಿ ಒಂದೇ ಮಟ್ಟದ ನೀರು. ಇಂಗ್ಲೆಂಡಿನಲ್ಲಿ ಹೊಸಬರಿಗೆ ಇಷ್ಟು ಅನುಕೂಲದ ಜಾಗ ಸುಲಭಕ್ಕೆ ಸಿಗುವುದಿಲ್ಲ. ಆ ಫೆನ್ನಿ ಲಾಕ್‌ನ್ನು ಮಾತ್ರ ಮಗನಿಗೆ ತೋರಿಸಿ. ಅದರ ಇಳಿತ ಒಂದಡಿ ಒಂದಿಂಚು, ಅಂದರೆ ನಿಮ್ಮ ಮೊಣಕಾಲಿಗಿಂತ ಕೆಳಗೆ. ಇಷ್ಟು ಕಮ್ಮಿಗೆ ಲಾಕ್ ಯಾಕೆ ಕಟ್ಟಿದರು ಅಂತ ಅವನೇ ಕೇಳುತ್ತಾನೆ. ಇಲ್ಲಿಂದ ವುಲ್ವರ್ಟನ್ ಕಡೆಗೆ ತೋಡಿದ ಭಾಗ ಸೋರುತ್ತಿತ್ತು. ಅದಕ್ಕೇ ನೀರಿನ ಮಟ್ಟವನ್ನು ಅಷ್ಟೇ ಅಷ್ಟು ಇಳಿಸಿದರು.

ಮುಂದೆ ಯಾವತ್ತಾದರೂ ಲಾಕ್ ದಾಟಬೇಕಾಗಿ ಬಂದರೂ ನನ್ನ ಸಲಹೆ ಒಂದೇ. ದೋಣಿಯನ್ನು ದಡಕ್ಕೆತ್ತಿ, ಹೊತ್ತುಕೊಂಡು ಆಚೆ ಇಳಿಸಿ. ದೋಣಿ ಮೂವತ್ತು ನಲವತ್ತು ಕೆಜಿ, ಮೋಟಾರು ಹದಿನೈದು ಕೆಜಿ ಆಸುಪಾಸು. ಇಬ್ಬರಿಗೆ ಕಾಲು ಗಂಟೆ ಕೆಲಸ. ಅಗಲದ ಲಾಕ್ ಒಂದು ಸಲ ತುಂಬೋಕೆ ಸುಮಾರು 2.5 ಲಕ್ಷ ಲೀಟರ್ ನೀರು ನುಗ್ಗುತ್ತದೆ. ಆ ನೊರೆಯಲ್ಲಿ ಇಪ್ಪತ್ತು ಟನ್ ದೋಣಿಯೇ ಅಲ್ಲಾಡುತ್ತದೆ, ರಬ್ಬರ್ ಡಿಂಗಿ ಯಾವ ಲೆಕ್ಕ? ಇಳಿಯುವಾಗ ಇನ್ನೊಂದು ತೊಂದರೆ ಇದೆ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಅಂತ ಕಲ್ಲಿನ ಜಗಲಿಯೊಂದು ಮುಂದಕ್ಕೆ ಚಾಚಿರುತ್ತದೆ. ನೀರು ತುಂಬಿರುವಾಗ ಅದು ಕಾಣುವುದಿಲ್ಲ. ನೀರು ಇಳಿದಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತು, ಮುಂಭಾಗ ಮಾತ್ರ ಕೆಳಗೆ ಹೋದರೆ ದೋಣಿ ಮಗುಚುತ್ತದೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುವುದು ಇದಕ್ಕೇ. ಬೇರೆಯವರ ದೊಡ್ಡ ದೋಣಿ ಪಕ್ಕದಲ್ಲಿ ಲಾಕ್ ಒಳಗೆ ಜಾಗ ಇದೆ ಅಂತ ಕರೆದರೂ ಹೋಗಬೇಡಿ.

ಇನ್ನು ಮೋಟಾರು. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ನಿಮ್ಮ 2.5 ಎಚ್‌ಪಿ ಅದಕ್ಕೆ ಧಾರಾಳ ಸಾಕು. ಇದಕ್ಕಿಂತ ದೊಡ್ಡದು ತಗೊಂಡರೆ ಸುಮ್ನೆ ಭಾರ. ಕಟ್ಟಿಹಾಕಿರುವ ದೋಣಿಗಳನ್ನು ದಾಟುವಾಗ ಇನ್ನೂ ನಿಧಾನ, ಬರೀ ಐಡಲ್‌ನಲ್ಲಿ. ಅವು ಜನ ವಾಸ ಮಾಡುವ ಮನೆಗಳು. ಒಳಗೆ ಒಲೆ ಮೇಲೆ ಹಾಲಿರುತ್ತದೆ, ಮಗು ಮಲಗಿರುತ್ತದೆ.

ನಿಮ್ಮ ಮೋಟಾರಿಗೆ ರಿವರ್ಸ್ ಗೇರ್ ಇದೆಯಾ ನೋಡಿ. ಈ ಗಾತ್ರದವಕ್ಕೆ ಬಹುಪಾಲು ಇರುವುದಿಲ್ಲ. ಹಿಂದಕ್ಕೆ ಹೋಗಬೇಕಾದರೆ ಇಡೀ ಮೋಟಾರನ್ನೇ ಅರ್ಧ ಸುತ್ತು ತಿರುಗಿಸಬೇಕು. ನಿಲ್ಲಿಸೋದೂ ಹಾಗೆಯೇ. ಕಾರಿನ ಹಾಗೆ ಬ್ರೇಕ್ ಇಲ್ಲ. ಗಾಬರಿಯಲ್ಲಿ ಹಿಡಿಕೆ ತಿರುಗಿಸುವಾಗ ಎಷ್ಟೋ ಜನ ಥ್ರಾಟಲ್ (ವೇಗ ಹೆಚ್ಚು ಕಮ್ಮಿ ಮಾಡುವುದು) ಜಾಸ್ತಿ ಮಾಡಿಬಿಡುತ್ತಾರೆ, ಎರಡೂ ಒಂದೇ ಹಿಡಿಕೆಯಲ್ಲಿ ಇರುವುದರಿಂದ. ಖಾಲಿ ಜಾಗದಲ್ಲಿ ನೀರಿನ ಮೇಲೆ ತೇಲುವ ಒಂದು ಕಡ್ಡಿ ಗುರುತಿಟ್ಟುಕೊಂಡು, ಅದರ ಪಕ್ಕಕ್ಕೆ ಬಂದು ನಿಲ್ಲೋದನ್ನು ಇಪ್ಪತ್ತು ಸಲ ಮಾಡಿ. ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಇದು ತಲೆಗೆ ಬೇಗ ಹೋಗುತ್ತದೆ, ಕೈಗೆ ಬರೋಕೆ ಸಮಯ ಬೇಕು.

ಕಿಲ್ ಕಾರ್ಡ್ ಎಂಬ ಕೆಂಪು ಸುರುಳಿ ದಾರ ಮೋಟಾರಿನ ಜೊತೆ ಬಂದಿರಬೇಕು. ಅದರ ಒಂದು ತುದಿ ಮೋಟಾರಿನ ಸ್ವಿಚ್ಚಿಗೆ, ಇನ್ನೊಂದು ಓಡಿಸುವವರ ಕಾಲಿಗೆ. ನೀವು ಬಿದ್ದರೆ ದಾರ ಕಿತ್ತು ಎಂಜಿನ್ ಆಫ್ ಆಗುತ್ತದೆ. ಇಲ್ಲದಿದ್ದರೆ ದೋಣಿ ಸುತ್ತು ಹೊಡೆದು ನಿಮ್ಮ ಮೇಲೇ ಬರುತ್ತದೆ, ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ದಾರ ಇಲ್ಲದೆ ಮೋಟಾರು ಸ್ಟಾರ್ಟ್ ಮಾಡಲೇಬೇಡಿ. ಸ್ನೇಹಿತರು ಕೊಡೋದು ಮರೆತಿದ್ದರೆ ಹೊಸದು ತಗೊಳ್ಳಿ.

ಪೆಟ್ರೋಲ್‌ನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಇಂಥ ಮೋಟಾರಿನ ಟ್ಯಾಂಕು ಒಂದು ಲೀಟರ್ ಆಸುಪಾಸು. ಪೂರ್ತಿ ಥ್ರಾಟಲ್‌ನಲ್ಲಿ ಹೆಚ್ಚು ಕಮ್ಮಿ ಒಂದು ಗಂಟೆ, ನಿಧಾನಕ್ಕೆ ಹೋದರೆ ಅದಕ್ಕಿಂತ ಚೆನ್ನಾಗಿ ಬರುತ್ತದೆ. ದಾರಿಯಲ್ಲಿ ಮತ್ತೆ ತುಂಬಲೇಬೇಕು. ತುಂಬೋದು ದಡದ ಮೇಲೆ, ಎಲ್ಲರೂ ಇಳಿದ ಮೇಲೆ, ಎಂಜಿನ್ ಸ್ವಲ್ಪ ಆರಿದ ಮೇಲೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಹಾರಿಹೋಗುವುದಿಲ್ಲ, ದೋಣಿಯ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಅಲ್ಲೇ ಮಗು ಕೂತಿರುತ್ತದೆ. ಇನ್ನೊಂದು, 2021ರಿಂದ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ 10 ಶೇಕಡಾವರೆಗೆ ಎಥನಾಲ್ ಇರುವಂಥದ್ದು. ಎಥನಾಲ್ ನೀರು ಹೀರುತ್ತದೆ, ಚಿಕ್ಕ ಮೋಟಾರಿನಲ್ಲಿ ತಿಂಗಳುಗಟ್ಟಲೆ ನಿಂತರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಸ್ನೇಹಿತರ ಗ್ಯಾರೇಜಿನಲ್ಲಿ ಕಳೆದ ವರ್ಷದಿಂದ ಇದ್ದ ಮೋಟಾರಾದರೆ ಹಳೇ ಪೆಟ್ರೋಲ್ ಪೂರ್ತಿ ಬಸಿದು, ಎಥನಾಲ್ ಇನ್ನೂ ಕಮ್ಮಿ ಇರುವ ಇ5 ಹಾಕಿ. ಅರ್ಧ ದಾರಿಯಲ್ಲಿ ನಿಲ್ಲುವ ಮೋಟಾರುಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ.

ಬ್ಯಾಟರಿ ಮೋಟಾರು ಹಾಕಿಕೊಳ್ಳಲಾ ಅಂತ ಕೇಳಿದ್ದೀರಿ. ಈ ಕಾಲುವೆಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೊಗೆ ಇಲ್ಲ, ಪೆಟ್ರೋಲ್ ಇಲ್ಲ, ರಿವರ್ಸ್ ಇರುತ್ತದೆ. ಎಲ್ಲಕ್ಕಿಂತ ಜಾಸ್ತಿ, ಕಿವಿ ಕೇಳಿಸುತ್ತದೆ. ಸೇತುವೆಯ ಆಚೆ ತಿರುವಿನಲ್ಲಿ ದೊಡ್ಡ ದೋಣಿ ಹಾರ್ನ್ ಹೊಡೆದರೆ, ಮಗ ಮುಂದೆ ಕೂತು ಏನೋ ಹೇಳಿದರೆ ಗೊತ್ತಾಗುತ್ತದೆ. 55 ಪೌಂಡ್ ಎಳೆತದ 12 ವೋಲ್ಟ್ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪ್ ಎಳೆಯುತ್ತದೆ. 100 ಆಂಪ್-ಅವರ್ ಲಿಥಿಯಂ ಬ್ಯಾಟರಿ ಇದ್ದರೆ ಎರಡು ಗಂಟೆಗೆ ಖಾಲಿ. ಅರ್ಧಕ್ಕಿಂತ ಕಮ್ಮಿ ಇಟ್ಟರೆ ನಾಲ್ಕೈದು ಗಂಟೆ ಬರುತ್ತದೆ, ಕಾಲುವೆಗೆ ಆ ವೇಗವೇ ಸರಿ. ಹಳೇ ಲೆಡ್ ಬ್ಯಾಟರಿ ಬೇಡ, ಅದರ ಭಾರ ಒಬ್ಬ ಹುಡುಗನಷ್ಟು. ಆದರೆ ದುಡ್ಡು ಖರ್ಚಾಗುತ್ತದೆ. ಈ ಬೇಸಿಗೆ ಇರುವ ಪೆಟ್ರೋಲ್ ಮೋಟಾರಿನಲ್ಲೇ ಕಲಿಯಿರಿ. ಕುಟುಂಬಕ್ಕೆ ದೋಣಿ ಹಿಡಿಸಿತು ಅಂತಾದರೆ ಆಮೇಲೆ ಬದಲಿಸಿ.

ಎರಡರಲ್ಲಿ ಯಾವುದೇ ಇರಲಿ, ಎರಡು ಹುಟ್ಟು ದೋಣಿಯಲ್ಲಿ ಇರಲೇಬೇಕು. ಕಾಲುವೆ ತಳದಲ್ಲಿ ಪ್ಲಾಸ್ಟಿಕ್ ಚೀಲ, ಹಗ್ಗ, ತಂತಿ, ಹಳೇ ಸೈಕಲ್ ಎಲ್ಲ ಇರುತ್ತವೆ. ಪ್ರೊಪೆಲ್ಲರ್ ಏನಕ್ಕಾದರೂ ಬಡಿದರೆ ಗೇರು ಹಾಳಾಗದಿರಲಿ ಅಂತ ಒಂದು ಚಿಕ್ಕ ಶಿಯರ್ ಪಿನ್ ತಾನೇ ಮುರಿದುಕೊಳ್ಳುತ್ತದೆ. ಎಂಜಿನ್ ಜೋರಾಗಿ ಕೂಗುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ಹಾಗಾದರೆ ಪಿನ್ ಹೋಯಿತು ಅಂತ ತಿಳಿಯಿರಿ. ಎರಡು ಪಿನ್, ಒಂದು ಇಕ್ಕಳ, ಒಂದು ಚಾಕು ಒಂದೇ ಡಬ್ಬಿಯಲ್ಲಿ ಹಾಕಿ ದೋಣಿಗೆ ಕಟ್ಟಿಡಿ. ಪ್ರೊಪೆಲ್ಲರ್‌ಗೆ ಏನಾದರೂ ಸುತ್ತಿಕೊಂಡರೆ ಕೈ ಹಾಕುವ ಮುಂಚೆ ಕಿಲ್ ಕಾರ್ಡ್ ಕಿತ್ತಿಡಿ. ನೀರಿನಿಂದ ತಣಿಯುವ ಮೋಟಾರಾದರೆ ಹಿಂದೆ ಒಂದು ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಅದು ನಿಂತರೆ ಕಳೆ ಕಟ್ಟಿಕೊಂಡಿದೆ ಅಂತ ಅರ್ಥ. ತಕ್ಷಣ ಆಫ್ ಮಾಡಿ.

ಎದುರಿಗೆ ದೋಣಿ ಬಂದರೆ ನೀವು ಬಲಕ್ಕೆ. ನಮ್ಮ ರಸ್ತೆ, ಇಲ್ಲಿನ ರಸ್ತೆ ಎರಡಕ್ಕೂ ಇದು ಉಲ್ಟಾ. ಇಲ್ಲಿ ಎದುರಾಗುವ ದೊಡ್ಡ ದೋಣಿಗಳಾದ ನ್ಯಾರೋಬೋಟ್‌ಗಳು ಏಳಡಿಗಿಂತ ಸ್ವಲ್ಪ ಕಮ್ಮಿ ಅಗಲ, 70 ಅಡಿವರೆಗೂ ಉದ್ದ, ಉಕ್ಕಿನವು. ಓಡಿಸುವವರು ಹಿಂದಿನ ತುದಿಯಲ್ಲಿ ನಿಂತಿರುತ್ತಾರೆ. ಅವರ ಮೂತಿಯ ಮುಂದೆ ನೀವಿದ್ದರೆ ಅವರಿಗೆ ಕಾಣಿಸುವುದಿಲ್ಲ. ಕಂಡರೂ ತಕ್ಷಣ ನಿಲ್ಲೋಕಾಗುವುದಿಲ್ಲ. ಇನ್ನೊಂದು ವಿಚಿತ್ರ ಇದೆ. ಕಿರಿದಾದ ಕಾಲುವೆಯಲ್ಲಿ ಅಷ್ಟು ದೊಡ್ಡ ದೋಣಿ ಹೋಗುವಾಗ ಅದರ ಪಕ್ಕದ ನೀರು ಒಂದು ಗಳಿಗೆ ತಗ್ಗುತ್ತದೆ. ನಿಮ್ಮ ಡಿಂಗಿ ತಾನಾಗಿಯೇ ಅದರ ಕಡೆ ಜಾರುತ್ತದೆ. ಮೊದಲ ಸಲ ಬಹಳ ಗಾಬರಿ ಆಗುತ್ತದೆ. ಎಂಜಿನ್ ನಿಲ್ಲಿಸಬೇಡಿ, ನಿಧಾನವಾಗಿ ಮುಂದಕ್ಕೆ ಹೋಗುತ್ತಲೇ ಇರಿ, ಹಿಡಿಕೆ ಗಟ್ಟಿಯಾಗಿರಲಿ. ಅದರ ಬಾಲ ದಾಟಿದ ಕೂಡಲೇ ಸರಿಯಾಗುತ್ತದೆ. ಕೈಯಿಂದ ಆ ದೋಣಿಯನ್ನು ತಳ್ಳೋಕೆ ಮಾತ್ರ ಯಾರೂ ಹೋಗಬಾರದು. ಮಗನಿಗೆ ಇದನ್ನು ದಡದಲ್ಲೇ ಹೇಳಿ: ಕೈಕಾಲು ಯಾವಾಗಲೂ ಒಳಗೆ.

ದಡದಲ್ಲಿ ಗಾಳ ಹಾಕುವವರು ಕೂತಿರುತ್ತಾರೆ. ಅವರ ಕೋಲು ಹತ್ತು ಹನ್ನೆರಡು ಮೀಟರ್ ಉದ್ದ, ಕಾಲುವೆಗೆ ಅಡ್ಡ ಇರುತ್ತದೆ. ನಡುವಿನಲ್ಲೇ ನಿಧಾನವಾಗಿ ಬನ್ನಿ, ಅವರು ಎತ್ತುತ್ತಾರೆ. ಕೈಯೆತ್ತಿ ಒಂದು ಥ್ಯಾಂಕ್ಸ್ ಹೇಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಮೊದಲ ವರ್ಷ ಒಂದು ಸೇತುವೆ ಕೆಳಗೆ ಇಳಿಯುತ್ತಿದ್ದೆ. ಒಂದು ಕಾಲು ದಡದ ಮೇಲೆ, ಇನ್ನೊಂದು ದೋಣಿಯ ಕೊಳವೆ ಮೇಲೆ. ಕೈಯಲ್ಲಿ ಹಗ್ಗ ಇರಲಿಲ್ಲ. ದೋಣಿ ಮೆಲ್ಲಗೆ ಆಚೆ ಸರಿಯಿತು. ನಾನು ನೀರಿಗೆ ಹೋದೆ. ಏಪ್ರಿಲ್ ತಿಂಗಳು. ತಣ್ಣೀರು ಎದೆಗೆ ತಾಗಿದ ಕೂಡಲೇ ಉಸಿರು ನನ್ನ ಕೈಲಿಲ್ಲದ ಹಾಗೆ ಒಳಗೆ ಎಳೆದುಕೊಂಡಿತು. ಹೇಮಾವತಿಯಲ್ಲಿ ಈಜಿ ಬೆಳೆದವನು ನಾನು, ಒಂದು ನಿಮಿಷ ಏನೂ ಮಾಡೋಕಾಗಲಿಲ್ಲ. ಆಳ ನನ್ನ ಎದೆಮಟ್ಟ ಅಷ್ಟೇ ಇತ್ತು. ಆದರೂ ದಡದ ಉಕ್ಕಿನ ತಗಡಿನ ಗೋಡೆ ನುಣ್ಣಗೆ, ನೆಟ್ಟಗೆ. ಕೆಸರಿನಲ್ಲಿ ಕಾಲು ಹೂತಿತ್ತು, ಒದ್ದೆ ಬಟ್ಟೆ ಎಳೆಯುತ್ತಿತ್ತು. ಟೋಪಾತ್‌ನಲ್ಲಿ ನಾಯಿ ಕರೆದುಕೊಂಡು ಬಂದವರೊಬ್ಬರು ಮಂಡಿಯೂರಿ ನನ್ನ ಜಾಕೆಟ್ ಹಿಡಿದು ಎಳೆದರು. ಅವತ್ತಿಂದ ನಾನು ಕಲಿಸುವ ಮೊದಲ ಪಾಠ ಇದೇ.

ಹಾಗಾಗಿ ಕೇಳಿ. ಇಳಿಯುವ ಮುಂಚೆ ಎಂಜಿನ್ ಆಫ್. ಮುಂದಿನ ಹಗ್ಗ ಕೈಯಲ್ಲಿ. ಹರಿಗೋಲಿನಲ್ಲಿ ಕೂತ ಹಾಗೆ ಮೈ ಕೆಳಗೆ ಇರಲಿ, ಎದ್ದು ನಿಂತು ಹಾರಬೇಡಿ. ದಡದಲ್ಲಿರುವವರು ದೋಣಿಯನ್ನು ಗೋಡೆಗೆ ಒತ್ತಿ ಹಿಡಿಯಲಿ. ಒಬ್ಬೊಬ್ಬರೇ, ಮಂಡಿ ಊರಿಕೊಂಡು ಹತ್ತಿ. ಮಾವನವರಿಗೆ ಮಂಡಿ ನೋವಿದ್ದರೆ ಒಂದು ದಪ್ಪ ಬಟ್ಟೆ ದಡದ ಮೇಲೆ ಹಾಸಿ. ಹತ್ತೋಕೆ ಇಳಿಯೋಕೆ ದಡ ತಗ್ಗಾಗಿರುವ, ಗಟ್ಟಿ ಅಂಚಿರುವ ಜಾಗ ಬೇಕು. ದೋಣಿಗಳು ತಂಗುವ ಜಾಗಗಳಲ್ಲಿ ಅಂಥ ಅಂಚು ಸಿಗುತ್ತದೆ. ಜೊಂಡು, ಮುಳ್ಳುಪೊದೆ ಇರುವ ಕಡೆ ಹೋದರೆ ರಬ್ಬರಿಗೂ ತೂತು, ನಿಮಗೂ ಕಷ್ಟ. ಮೊದಲೇ ಒಂದು ದಿನ ಟೋಪಾತ್‌ನಲ್ಲಿ ನಡೆದು ಇಂಥ ಜಾಗಗಳನ್ನು ಸೇತುವೆ ನಂಬರಿನ ಜೊತೆ ಬರೆದುಕೊಳ್ಳಿ. ಇಲ್ಲಿ ಪ್ರತಿ ಸೇತುವೆಗೂ ನಂಬರ್ ಇರುತ್ತದೆ. ಏನಾದರೂ ಆಗಿ 999ಕ್ಕೆ ಫೋನ್ ಮಾಡಿದರೆ ಅವರಿಗೆ ಬೇಕಾಗುವುದೂ ಅದೇ.

ಲೈಫ್ ಜಾಕೆಟ್ ಎಲ್ಲರಿಗೂ, ಈಜು ಬರುವವರಿಗೂ. ದಡದಿಂದ ಹೊರಡುವ ಮುಂಚೆ ಹಾಕಿದ್ದು ವಾಪಸ್ ದಡ ಹತ್ತಿ ಹತ್ತು ಹೆಜ್ಜೆ ನಡೆದ ಮೇಲೆ ತೆಗೆಯಬೇಕು. ಕಯಾಕ್‌ನವರು ಹಾಕುವ 50 ನ್ಯೂಟನ್‌ನದ್ದು (ತೇಲಿಸುವ ಬಲದ ಅಳತೆ) ಈಜು ಬರುವವರಿಗೆ ಸಹಾಯ ಅಷ್ಟೇ. ನಿಮ್ಮ ಮನೆಯವರಿಗೆ 150 ನ್ಯೂಟನ್ ಲೈಫ್ ಜಾಕೆಟ್ ತಗೊಳ್ಳಿ, ಅದು ಮುಖ ಮೇಲಾಗಿ ತೇಲಿಸುವಂತೆ ಮಾಡಿದ್ದು. ಮಗನಿಗೆ ಅವನ ತೂಕಕ್ಕೆ ಸರಿಯಾದದ್ದು, ಕಾಲಿನ ಸಂದಿಯಲ್ಲಿ ಪಟ್ಟಿ ಇರುವುದು. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡ ಸೈಜು ತಗೊಂಡರೆ ಹೆಗಲ ಮೇಲಿಂದ ಜಾರಿಹೋಗುತ್ತದೆ. ನೀರಿಗೆ ಬಿದ್ದರೆ ಮೊದಲ ನಿಮಿಷ ಒದ್ದಾಡದೆ ಅಂಗಾತ ತೇಲಬೇಕು ಅಂತ ಇಲ್ಲಿನ ಲೈಫ್‌ಬೋಟ್ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳಿಕೊಡುತ್ತದೆ. ಉಸಿರು ಹತೋಟಿಗೆ ಬಂದ ಮೇಲೆ ನಿಲ್ಲೋಕಾಗುತ್ತದಾ ನೋಡಿ, ಆಮೇಲೆ ದಡ. ಹಗ್ಗದ ತುದಿಗೆ ಪಾದ ಹಿಡಿಯುವಷ್ಟು ಕುಣಿಕೆ ಮಾಡಿ ದೋಣಿಯಲ್ಲಿ ಇಟ್ಟುಕೊಳ್ಳಿ. ಮೇಲಿನವರು ಹಗ್ಗವನ್ನು ಗಟ್ಟಿಯಾದ ಯಾವುದಕ್ಕಾದರೂ ಸುತ್ತಿ ಹಿಡಿದರೆ ಬಿದ್ದವರು ಅದರಲ್ಲಿ ಕಾಲಿಟ್ಟು ಹತ್ತಬಹುದು. ಇದನ್ನೂ ಒಂದು ಭಾನುವಾರ ನೀವೇ ನೀರಿಗಿಳಿದು ಮಾಡಿ ನೋಡಿ. ಬರೀ ಓದಿದರೆ ಬರುವುದಿಲ್ಲ.

ಕಾಲುವೆ ನೀರು ಬಾಯಿಗೆ ಹೋಗದಿರಲಿ. ಊರಿನಲ್ಲಿ ಮಳೆಗಾಲದಲ್ಲಿ ಕೇಳುವ ಇಲಿ ಜ್ವರ ಇಲ್ಲೂ ಇದೆ. ಇಲಿಯ ಉಚ್ಚೆಯಿಂದ ನೀರಿಗೆ ಬರುತ್ತದೆ, ಕೈಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಗಾಯಕ್ಕೆ ನೀರು ಸೋಕದ ಪಟ್ಟಿ ಹಾಕಿ, ಬುತ್ತಿ ಬಿಚ್ಚುವ ಮುಂಚೆ ಕೈ ತೊಳೆಯಿರಿ. ನೀರಿಗೆ ಬಿದ್ದ ಮೇಲೆ ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಲುವೆಯ ವಿಷಯ ಹೇಳಲೇಬೇಕು.

ಪೂರ್ತಿ 11 ಮೈಲಿ ಮೊದಲ ದಿನವೇ ಬೇಡ. ಗಂಟೆಗೆ ಮೂರು ಮೈಲಿ ಅಂದುಕೊಂಡರೂ ಒಂದು ಕಡೆಗೇ ನಾಲ್ಕು ಗಂಟೆ. ಒಂಬತ್ತು ವರ್ಷದ ಹುಡುಗ ಅಷ್ಟು ಹೊತ್ತು ಅಲ್ಲಾಡದೆ ಕೂರುವುದಿಲ್ಲ. ಗ್ರೇಟ್ ಲಿನ್‌ಫರ್ಡ್‌ನಲ್ಲಿ ದೋಣಿ ಇಳಿಸಿ ವುಲ್ವರ್ಟನ್ ಕಡೆ ಹೋಗಿ. ದಾರಿಯಲ್ಲಿ ನ್ಯೂ ಬ್ರಾಡ್‌ವೆಲ್ ಹತ್ತಿರ ಕಾಲುವೆ ರಸ್ತೆಯ ಮೇಲಿಂದ ದಾಟುತ್ತದೆ, 1991ರಲ್ಲಿ ಕಟ್ಟಿದ ಮೇಲ್ಗಾಲುವೆ ಅದು. ಕೆಳಗೆ ಕಾರು, ಮೇಲೆ ನೀವು. ಪೆಟ್ರೋಲನ್ನು ಮೂರು ಪಾಲು ಮಾಡಿಕೊಳ್ಳಿ: ಹೋಗೋಕೆ ಒಂದು, ಬರೋಕೆ ಒಂದು, ಕೈಯಲ್ಲಿ ಒಂದು. ಸೆಳೆತ ಇಲ್ಲದಿದ್ದರೂ ಗಾಳಿ ಇರುತ್ತದೆ. ರಬ್ಬರ್ ದೋಣಿ ಎಲೆಯ ಹಾಗೆ, ಅಡ್ಡಗಾಳಿಗೆ ಪಕ್ಕಕ್ಕೆ ಸರಿಯುತ್ತದೆ. ಮರದ ಕೊಂಬೆಗಳೇ ತೂಗಾಡುವಷ್ಟು ಗಾಳಿ ಇದ್ದರೆ ಅವತ್ತು ಹೋಗಬೇಡಿ. ಬಿಸಿಲಲ್ಲಿ ಬಿಗಿಯಾಗಿ ಗಾಳಿ ತುಂಬಿದ ದೋಣಿ ತಣ್ಣೀರಿಗೆ ಇಳಿದ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ತೂತಾಯಿತು ಅಂತ ಹೆದರಬೇಡಿ, ಪಂಪು ಜೊತೆಗಿಟ್ಟುಕೊಂಡು ಇನ್ನೊಂದಿಷ್ಟು ತುಂಬಿ.

ಕಾಸ್‌ಗ್ರೋವ್ ಎರಡನೇ ಅಥವಾ ಮೂರನೇ ಸಲಕ್ಕೆ ಇಟ್ಟುಕೊಳ್ಳಿ. ಲಾಕ್‌ಗೆ ಸ್ವಲ್ಪ ಮುಂಚೆ ಕಾಲುವೆ ಗ್ರೇಟ್ ಊಸ್ ನದಿಯನ್ನು ದಾಟುವುದು ಕಬ್ಬಿಣದ ತೊಟ್ಟಿಯೊಂದರಲ್ಲಿ. ಮೊದಲು ಅಲ್ಲಿ ಇಟ್ಟಿಗೆಯ ಮೇಲ್ಗಾಲುವೆ ಇತ್ತು, 1808ರಲ್ಲಿ ಕುಸಿಯಿತು. 1811ರಲ್ಲಿ ಈ ಎರಕದ ಕಬ್ಬಿಣದ್ದು ಬಂತು. ಉದ್ದ ಸುಮಾರು 30 ಮೀಟರ್, ನದಿಯಿಂದ ಎತ್ತರ 12 ಮೀಟರ್. ಅಗಲ ಬರೀ 15 ಅಡಿ. ಅದರೊಳಗೆ ದೊಡ್ಡ ದೋಣಿಯ ಜೊತೆ ಸಿಕ್ಕಿಹಾಕಿಕೊಳ್ಳಬಾರದು. ಈಚೆಯೇ ನಿಂತು, ಆಚೆ ತುದಿಯವರೆಗೆ ಖಾಲಿ ಇದೆ ಅಂತ ಕಂಡ ಮೇಲೆ ಹೊರಡಿ. ನಡುವೆ ನಿಂತು ಫೋಟೋ ತೆಗೆಯಬೇಡಿ, ಯಾರೂ ಏಳಬೇಡಿ. ನೋಡಬೇಕಾದ್ದು ಕೆಳಗಿನಿಂದ. ದೋಣಿ ಕಟ್ಟಿಹಾಕಿ ಮಾವನವರನ್ನು ಮಗನ ಜೊತೆ ನದಿ ಕಡೆಗೆ ಇಳಿಸಿ ಕರೆದುಕೊಂಡು ಹೋಗಿ. ತಲೆಯ ಮೇಲೆ ದೋಣಿ ಹೋಗುವುದು ಕಾಣಿಸುತ್ತದೆ. ಆ ನದಿಗೆ ಮಾತ್ರ ಡಿಂಗಿ ಇಳಿಸುವ ಯೋಚನೆ ಬೇಡ. ಅದಕ್ಕೆ ಹರಿವು ಇದೆ, ಮಳೆ ಬಂದರೆ ಏರುತ್ತದೆ. ಅಲ್ಲಿ ನಿಮ್ಮ ಮನೆಯವರ ಮಾತೇ ಸರಿ.

ಹೊರಡುವ ಹಿಂದಿನ ರಾತ್ರಿ ಟ್ರಸ್ಟ್‌ನ ಜಾಲತಾಣದಲ್ಲಿ ಕಾಲುವೆ ಎಲ್ಲಾದರೂ ಮುಚ್ಚಿದ್ದಾರಾ ನೋಡಿ. ವಾಪಸ್ ಬಂದ ಮೇಲೆ ದೋಣಿಯನ್ನು ತೊಳೆದು, ಪೂರ್ತಿ ಒಣಗಿಸಿ ಮಡಚಿ. ಒಂದು ತುಂಡು ಕಳೆ ಅಂಟಿಕೊಂಡು ಬೇರೆ ಕೆರೆಗೆ ಹೋದರೆ ಅಲ್ಲೆಲ್ಲ ಹಬ್ಬುತ್ತದೆ. ಮಡಿಕೆಯ ಸಂದಿಯಲ್ಲಿ ನೀರು ಉಳಿದರೆ ಮುಗ್ಗಲು ವಾಸನೆ ಬರುತ್ತದೆ, ಅಂಟು ಬಿಡುತ್ತದೆ. ಒಣಗಿಸೋಕೆ ಹಿತ್ತಲಿನ ಹುಲ್ಲಿನ ಮೇಲೆ ಅರ್ಧ ದಿನದ ಬಿಸಿಲು ಸಾಕು, ಜುಲೈನಲ್ಲಿ ಅಷ್ಟು ಸಿಗುತ್ತದೆ.